ಒಂದೇ ಗಣಕಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ನಿಸ್ತಂತು ಜಾಲ ಕಾರ್ಡುಗಳ ಬಳಕೆ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ಸಾಮಾಜಿಕ ಭದ್ರತಾ ಪಿಂಚಣಿ, ಹಾಗೂ ಈ ಭಾಗದಲ್ಲಿ ಉತಾರ ಎಂದೇ ಕರೆಯಲಾಗುವ ಪಹಣಿ ಮುಂತಾದ ಸೇವೆಗಳನ್ನು ಸಾರ್ವಜನಿಕರು ಇಂದು ಬಹುಮಟ್ಟಿಗೆ ಅಂತರ್ಜಾಲದ ಮೂಲಕವೇ ಪಡೆಯುತ್ತಿದ್ದಾರೆ. ನಾಡಕಚೇರಿ, ಗ್ರಾಮ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, ಗ್ರಾಮ ಒನ್ ಕೇಂದ್ರ, ಖಾಸಗಿ ಗಣಕ ಕೇಂದ್ರ ಅಥವಾ ಸ್ವಂತ ಮನೆ, ಎಲ್ಲಿಂದ ಅರ್ಜಿ ಸಲ್ಲಿಸಿದರೂ ಅದು ದೂರದ ಸರ್ವರ್‌ಗೆ ತಲುಪಿದ ನಂತರವೇ ಅರ್ಜಿ ಎನಿಸಿಕೊಳ್ಳುತ್ತದೆ. ಆದಕಾರಣ ಸಂಪರ್ಕವು ಆಗಾಗ್ಗೆ ಕಡಿತಗೊಳ್ಳುವ ಗ್ರಾಮಗಳಲ್ಲಿ ಒಂದೇ ಗಣಕಯಂತ್ರಕ್ಕೆ ಎರಡು ಅಥವಾ ಹೆಚ್ಚಿನ ನಿಸ್ತಂತು ಜಾಲ ಕಾರ್ಡುಗಳನ್ನು ಅಳವಡಿಸಿಕೊಳ್ಳುವ ಪದ್ಧತಿ ಬೆಳೆದಿದೆ. ಈ ಪದ್ಧತಿಯಿಂದ ಆಗುವ ಪ್ರಯೋಜನವೇನು, ಆಗದಿರುವುದೇನು, ಅಪಾಯವೆಲ್ಲಿದೆ ಎಂಬುದನ್ನು ಅರ್ಜಿದಾರರ ಹಾಗೂ ಕೇಂದ್ರ ನಡೆಸುವವರ ಅವಗಾಹನೆಗಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

ಸ್ವೀಕೃತಿ ಸಂಖ್ಯೆಯ ಮಹತ್ವ

ಮೊದಲಿಗೆ ಗಮನಿಸಬೇಕಾದುದು ತಂತ್ರಜ್ಞಾನದ ವಿಷಯವಲ್ಲ, ಹಕ್ಕಿನ ವಿಷಯ. ನಾಗರಿಕ ಸೇವಾ ಖಾತರಿ ಅಧಿನಿಯಮವು 2011ರಲ್ಲಿ ಅಂಗೀಕಾರವಾಗಿ, 2012ರ ಏಪ್ರಿಲ್ 2ರಿಂದ ಸಕಾಲ ಎಂಬ ಹೆಸರಿನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದಿತು. ಸದರಿ ಅಧಿನಿಯಮದಡಿ ಅಧಿಸೂಚಿತವಾದ ಸೇವೆಯನ್ನು ನಿಗದಿತ ಕಾಲಮಿತಿಯೊಳಗೆ ಪಡೆಯುವುದು ಅರ್ಜಿದಾರರ ಹಕ್ಕಾಗಿರುತ್ತದೆ. ವಿಳಂಬವಾದಲ್ಲಿ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚ ಕೋರಲು ಅವಕಾಶವಿದೆ. ಈ ಮೊತ್ತ ಚಿಕ್ಕದೆನಿಸಬಹುದು. ಆದರೆ ಕಾಲಮಿತಿಯ ಲೆಕ್ಕ, ಮೇಲ್ಮನವಿ, ಪರಿಹಾರ ಇವೆಲ್ಲವೂ ಸ್ವೀಕೃತಿ ಸಂಖ್ಯೆಯನ್ನು ಅವಲಂಬಿಸಿವೆ.

ಅರ್ಜಿಯ ವಿವರಗಳನ್ನು ಭರ್ತಿ ಮಾಡಿ, ದಾಖಲೆಗಳನ್ನು ಅಪ್‌ಲೋಡ್ ಮಾಡಿ, ಶುಲ್ಕ ಪಾವತಿಸುವ ಹಂತದಲ್ಲಿ ಸಂಪರ್ಕ ಕಡಿತಗೊಂಡು ಸ್ವೀಕೃತಿ ಸಂಖ್ಯೆ ದೊರೆಯದೆ ಹೋದಲ್ಲಿ, ಅಂತಹ ಅರ್ಜಿಯು ಕಚೇರಿಯ ಲೆಕ್ಕದಲ್ಲಿ ಇರುವುದಿಲ್ಲ. ಅರ್ಜಿದಾರರು ತಾವು ಅರ್ಜಿ ಕೊಟ್ಟಿರುವುದಾಗಿ ಭಾವಿಸಿ ಊರಿಗೆ ಹಿಂದಿರುಗುತ್ತಾರೆ. ಹದಿನೈದು ಇಪ್ಪತ್ತು ದಿನಗಳ ನಂತರ ವಿಚಾರಿಸಲು ಬಂದಾಗ ಅರ್ಜಿಯೇ ಇಲ್ಲವೆಂದು ತಿಳಿಯುತ್ತದೆ. ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕಿದ್ದ ವಿದ್ಯಾರ್ಥಿಗೆ ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ಎರಡನೆಯ ನಿಸ್ತಂತು ಕಾರ್ಡಿನ ವಿಷಯವನ್ನು ಇಲ್ಲಿ ವಿಸ್ತಾರವಾಗಿ ಚರ್ಚಿಸಲು ಇದೇ ಕಾರಣ. ಸರಿಯಾಗಿ ಬಳಸಿದರೆ ಅದು ಈ ನಷ್ಟವನ್ನು ತಪ್ಪಿಸುತ್ತದೆ. ತಪ್ಪಾಗಿ ಬಳಸಿದರೆ ಅದೇ ಈ ನಷ್ಟಕ್ಕೆ ಕಾರಣವಾಗುತ್ತದೆ.

ನಿಸ್ತಂತು ಜಾಲ ಕಾರ್ಡು ಎಂದರೇನು

ತಂತಿಯ ನೆರವಿಲ್ಲದೆ, ರೇಡಿಯೋ ತರಂಗಗಳ ಮೂಲಕ ಗಣಕಯಂತ್ರವನ್ನು ಜಾಲಕ್ಕೆ ಸೇರಿಸುವ ಸಾಧನವೇ ನಿಸ್ತಂತು ಜಾಲ ಕಾರ್ಡು. ಲ್ಯಾಪ್‌ಟಾಪ್‌ಗಳಲ್ಲಿ ಇದು ಒಳಗೇ ಅಡಕವಾಗಿರುತ್ತದೆ. ಮೇಜಿನ ಗಣಕಯಂತ್ರಗಳಿಗೆ ಯುಎಸ್‌ಬಿ ಮೂಲಕ ಜೋಡಿಸುವ ಚಿಕ್ಕ ವೈ-ಫೈ ಅಡಾಪ್ಟರ್ ಸಾಮಾನ್ಯ. ಮೊಬೈಲ್ ಸಿಮ್ ಹಾಕಿ ಬಳಸುವ ಡಾಂಗಲ್, ಅಂದರೆ ಡೇಟಾ ಕಾರ್ಡು, ಕೂಡ ಇದೇ ವರ್ಗಕ್ಕೆ ಸೇರುತ್ತದೆ. 2000ದ ದಶಕದಲ್ಲಿ ಈ ಭಾಗದಲ್ಲಿ ಹೆಚ್ಚು ಕಾಣುತ್ತಿದ್ದ ಸಿಡಿಎಂಎ ಡೇಟಾ ಕಾರ್ಡುಗಳ ಸೇವೆ ಈಗ ಸ್ಥಗಿತಗೊಂಡಿದೆ. ಹಳೆಯ ಕಾರ್ಡು ಮನೆಯಲ್ಲಿ ಇದ್ದರೂ ಅದು ಉಪಯೋಗಕ್ಕೆ ಬಾರದು.

ಪ್ರತಿಯೊಂದು ಕಾರ್ಡಿಗೆ ತಯಾರಕರು ನೀಡಿದ ಮ್ಯಾಕ್ ವಿಳಾಸ ಇರುತ್ತದೆ. ಜಾಲಕ್ಕೆ ಸೇರಿದಾಗ ಪ್ರತಿ ಕಾರ್ಡಿಗೂ ಬೇರೆ ಬೇರೆ ಐಪಿ ವಿಳಾಸ ದೊರೆಯುತ್ತದೆ. ಆದ್ದರಿಂದ ಎರಡು ಕಾರ್ಡು ಇರುವ ಗಣಕಯಂತ್ರವು ಎರಡು ಬಾಗಿಲುಗಳಿರುವ ಮನೆಯಂತೆ. ಯಾವ ಬಾಗಿಲಿನಿಂದ ಹೊರಹೋಗಬೇಕೆಂಬುದನ್ನು ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆ ತೀರ್ಮಾನಿಸುತ್ತದೆ, ಅರ್ಜಿ ಸಲ್ಲಿಸುವ ಜಾಲತಾಣವಲ್ಲ.

ಈ ಐದು ತಾಲೂಕುಗಳಲ್ಲಿ ಎರಡನೆಯ ಸಂಪರ್ಕದ ಅಗತ್ಯ

ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲೂಕಿನಲ್ಲಿಯೂ ಕಾಗವಾಡ ಅಥಣಿ ತಾಲೂಕಿನಲ್ಲಿಯೂ ಇದ್ದು, 2017ರ ಆಯವ್ಯಯ ಘೋಷಣೆಯ ನಂತರ ಪ್ರತ್ಯೇಕ ತಾಲೂಕುಗಳಾದವು. ಐದೂ ತಾಲೂಕುಗಳಿಗೆ ಸಮಾನವಾದ ಮೂರು ತೊಂದರೆಗಳಿವೆ: ಗಡಿ, ನದಿ ಮತ್ತು ಕಬ್ಬು.

ಗಡಿಯ ವಿಷಯವನ್ನು ಮೊದಲು ತೆಗೆದುಕೊಳ್ಳಬಹುದು. ದೂರಸಂಪರ್ಕ ಪರವಾನಗಿಯ ದೃಷ್ಟಿಯಿಂದ ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡು ಬೇರೆ ಸೇವಾ ವಲಯಗಳು. ಒಂದು ಕಡೆ ಕಾಗಲ್, ಶಿರೋಳ, ಇಚಲಕರಂಜಿ, ಇನ್ನೊಂದು ಕಡೆ ಮೀರಜ್, ಜತ್ತ ಹೀಗೆ ನೆರೆಯ ಮಹಾರಾಷ್ಟ್ರದ ಊರುಗಳು ಸಮೀಪದಲ್ಲಿಯೇ ಇರುವುದರಿಂದ, ಗಡಿಯಂಚಿನ ಗ್ರಾಮಗಳಲ್ಲಿ ಕರ್ನಾಟಕದ ಸಿಮ್ ಹಾಕಿದ ಡಾಂಗಲ್ ಅಥವಾ ಮೊಬೈಲ್ ಕೆಲವೊಮ್ಮೆ ಆಚೆಯ ಗೋಪುರದ ಸಂಕೇತವನ್ನು ಹಿಡಿಯುತ್ತದೆ. ಆಗ ಸಾಧನದಲ್ಲಿ ಡೇಟಾ ರೋಮಿಂಗ್ ಆಯ್ಕೆಯನ್ನು ಮುಚ್ಚಿಟ್ಟಿದ್ದರೆ ಸಂಕೇತದ ಪಟ್ಟಿಗಳು ಪೂರ್ಣವಾಗಿ ಕಾಣಿಸಿದರೂ ಅಂತರ್ಜಾಲ ಬಾರದೆ ಹೋಗಬಹುದು. ಕೇಂದ್ರ ನಡೆಸುವವರು ಇದನ್ನು ಸರ್ವರ್ ದೋಷವೆಂದು ಹೇಳಿ ಅರ್ಜಿದಾರರನ್ನು ನಾಳೆ ಬರುವಂತೆ ಕಳುಹಿಸುವುದು ಸರಿಯಲ್ಲ. ಸಾಧನದಲ್ಲಿ ಯಾವ ಜಾಲದ ಹೆಸರು ಬಂದಿದೆ, ರೋಮಿಂಗ್ ಗುರುತು ಇದೆಯೇ ಎಂಬುದನ್ನು ಮೊದಲು ನೋಡಬೇಕು. ಜಾಲದ ಆಯ್ಕೆಯನ್ನು ತಾನಾಗಿ ಎಂಬುದರಿಂದ ಕೈಯಿಂದ ಎಂಬುದಕ್ಕೆ ಬದಲಿಸಿ ಕರ್ನಾಟಕದ ಜಾಲವನ್ನು ಆಯ್ದರೆ ಅಥವಾ ಡೇಟಾ ರೋಮಿಂಗ್ ತೆರೆದರೆ ಬಹುತೇಕ ಸಂದರ್ಭಗಳಲ್ಲಿ ತೊಂದರೆ ನಿವಾರಣೆಯಾಗುತ್ತದೆ. ರೋಮಿಂಗ್ ತೆರೆಯುವ ಮುನ್ನ ತಮ್ಮ ಯೋಜನೆಯಲ್ಲಿ ಅದಕ್ಕೆ ಪ್ರತ್ಯೇಕ ದರ ಇದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು.

ನದಿಯ ವಿಷಯವು ಮಳೆಗಾಲಕ್ಕೆ ಸಂಬಂಧಿಸಿದ್ದು. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳಲ್ಲಿ ನೀರು ಏರಿದಾಗ ಕಲ್ಲೋಳ–ಯಡೂರದಂತಹ ಬಾಂದಾರ ಸೇತುವೆಗಳು ಮುಳುಗಿ ಗ್ರಾಮಗಳ ನಡುವಿನ ಸಂಚಾರ ನಿಲ್ಲುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಪ್ರವಾಹಗಳಲ್ಲಿ ನಿಪ್ಪಾಣಿ ಸಮೀಪದ ಯಮಗರ್ಣಿಯ ಬಳಿ ರಾಷ್ಟ್ರೀಯ ಹೆದ್ದಾರಿಯೇ ಬಂದಾಗಿತ್ತು. ಪ್ರವಾಹದ ನಂತರ ಪರಿಹಾರದ ಅರ್ಜಿ, ಕಳೆದುಹೋದ ದಾಖಲೆಗಳ ನಕಲು ಇವುಗಳಿಗೆ ಜನರು ಒಮ್ಮೆಲೇ ಬರುತ್ತಾರೆ. ಆದರೆ ನೆಲದೊಳಗಿನ ಅಥವಾ ಕಂಬದ ಮೇಲಿನ ಕೇಬಲ್ ಹಾನಿಗೊಳಗಾಗುವುದೂ ವಿದ್ಯುತ್ ಹೋಗುವುದೂ ಅದೇ ಸಮಯದಲ್ಲಿಯೇ. ತಂತಿಯ ಸಂಪರ್ಕದ ಜೊತೆಗೆ ಬೇರೊಂದು ಸಂಸ್ಥೆಯ ನಿಸ್ತಂತು ಸಂಪರ್ಕವೂ ಇದ್ದ ಕೇಂದ್ರವು ಇಂತಹ ದಿನಗಳಲ್ಲಿ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಇಲ್ಲಿ ಬೇರೊಂದು ಸಂಸ್ಥೆ ಎಂಬ ಮಾತು ಮುಖ್ಯ. ಒಂದೇ ಸಂಸ್ಥೆಯ ಎರಡು ಸಿಮ್‌ಗಳನ್ನು ಎರಡು ಡಾಂಗಲ್‌ಗಳಿಗೆ ಹಾಕಿದರೆ ಗೋಪುರ ನಿಂತಾಗ ಎರಡೂ ನಿಲ್ಲುತ್ತವೆ.

ಕಬ್ಬಿನ ತೊಂದರೆಯನ್ನು ಪಟ್ಟಣದಿಂದ ಬಂದ ತಂತ್ರಜ್ಞರು ಸುಲಭವಾಗಿ ಗುರುತಿಸುವುದಿಲ್ಲ. ಗ್ರಾಮ ಪಂಚಾಯಿತಿಯ ಕಟ್ಟಡದಿಂದ ಹೊಲದಾಚೆಯ ಶಾಲೆಗೋ ಮನೆಗೋ ವೈ-ಫೈ ಆಂಟೆನಾಗಳ ಮೂಲಕ ಸಂಪರ್ಕ ಕೊಡುವುದುಂಟು. ಕಬ್ಬು ಕಡಿದ ನಂತರ ಬೇಸಿಗೆಯಲ್ಲಿ ಅಳವಡಿಸಿದಾಗ ಸಂಪರ್ಕ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಬೆಳೆ ಆಳೆತ್ತರ ದಾಟಿದಂತೆ ಸಂಕೇತ ಕುಗ್ಗುತ್ತದೆ, ಏಕೆಂದರೆ ನೀರಿನಂಶವಿರುವ ಹಸಿರೆಲೆಗಳು ಈ ತರಂಗಗಳನ್ನು ಹೀರಿಕೊಳ್ಳುತ್ತವೆ. ಕಣ್ಣಿಗೆ ಎದುರಿನ ಆಂಟೆನಾ ಕಾಣಿಸಿದರೆ ಸಾಲದು. 1 ಕಿಲೋಮೀಟರ್ ಅಂತರದ ಸಂಪರ್ಕದಲ್ಲಿ 2.4 ಗಿಗಾಹರ್ಟ್ಸ್ ತರಂಗಕ್ಕೆ ನಡುಮಾರ್ಗದಲ್ಲಿ ನೇರ ರೇಖೆಯ ಸುತ್ತಲೂ ಸುಮಾರು ಐದೂವರೆ ಮೀಟರ್, 5.8 ಗಿಗಾಹರ್ಟ್ಸ್ ತರಂಗಕ್ಕೆ ಸುಮಾರು ಮೂರೂವರೆ ಮೀಟರ್ ತೆರವು ಇರುವುದು ಉತ್ತಮ. ಆದಕಾರಣ ಕಂಬದ ಎತ್ತರವನ್ನು ಬೇಸಿಗೆಯ ಬಯಲು ನೋಡಿ ನಿರ್ಧರಿಸದೆ ಬೆಳೆದು ನಿಂತ ಕಬ್ಬಿನ ತಲೆಯಿಂದ ಲೆಕ್ಕ ಹಾಕತಕ್ಕದ್ದು.

ಎರಡು ಕಾರ್ಡುಗಳಿಂದ ವೇಗ ಹೆಚ್ಚುವುದೇ

ಎರಡು ಕಾರ್ಡು ಹಾಕಿದರೆ ವೇಗ ಎರಡರಷ್ಟಾಗುತ್ತದೆ ಎಂದು ಮಾರಾಟಗಾರರು ಹೇಳುವುದು ರೂಢಿಯಲ್ಲಿದೆ. ಒಂದು ಅರ್ಜಿಯ ಮಟ್ಟಿಗೆ ಈ ಮಾತು ನಿಜವಲ್ಲ.

ಸಕ್ಕರೆ ಕಾರ್ಖಾನೆಗೆ ಹೋಗಲು ಎರಡು ರಸ್ತೆಗಳಿವೆ ಎಂದು ಭಾವಿಸಬಹುದು. ಎರಡೂ ರಸ್ತೆಗಳು ತೆರೆದಿದ್ದರೆ ಹೆಚ್ಚು ಟ್ರ್ಯಾಕ್ಟರುಗಳು ಹೋಗಬಹುದು, ಆದರೆ ಒಂದು ಟ್ರ್ಯಾಕ್ಟರು ಒಂದೇ ಸಮಯಕ್ಕೆ ಎರಡೂ ರಸ್ತೆಗಳಲ್ಲಿ ಹೋಗಲಾರದು. ಹಾಗೆಯೇ, ಒಂದು ದಾಖಲೆಯನ್ನು ಅಪ್‌ಲೋಡ್ ಮಾಡುವಾಗ ಗಣಕಯಂತ್ರ ಮತ್ತು ಸರ್ವರ್ ನಡುವೆ ಏರ್ಪಡುವ ಸಂಪರ್ಕವು ಯಾವ ಕಾರ್ಡಿನ ಐಪಿ ವಿಳಾಸದಿಂದ ಆರಂಭವಾಯಿತೋ ಕೊನೆಯವರೆಗೂ ಅದರಲ್ಲಿಯೇ ನಡೆಯುತ್ತದೆ. ಒಂದೇ ಸಂಪರ್ಕವನ್ನು ಎರಡು ಮಾರ್ಗಗಳಲ್ಲಿ ಹಂಚುವ ಬಹುಮಾರ್ಗ ಟಿಸಿಪಿ ಎಂಬ ವಿಧಾನವು 2013ರಲ್ಲಿ ಪ್ರಾಯೋಗಿಕವಾಗಿಯೂ 2020ರಲ್ಲಿ ಮಾನಕವಾಗಿಯೂ ಪ್ರಕಟವಾಗಿದೆ. ಆದರೆ ಅದಕ್ಕೆ ಎರಡೂ ತುದಿಗಳ ಬೆಂಬಲ ಬೇಕು. ಮನೆಯ ಗಣಕಯಂತ್ರದಲ್ಲಿ ಮಾತ್ರ ಏನನ್ನೋ ಅಳವಡಿಸಿದರೆ ಪ್ರಯೋಜನವಾಗದು.

ಎರಡೂ ಕಾರ್ಡುಗಳನ್ನು ಒಂದೇ ವೈ-ಫೈ ರೌಟರ್‌ಗೆ ಸೇರಿಸುವುದಂತೂ ವ್ಯರ್ಥ ವೆಚ್ಚ. ಕಾರ್ಖಾನೆಯ ಅಂಗಳಕ್ಕೆ ಎರಡು ಗೇಟು ಮಾಡಿ ಒಳಗೆ ತೂಕದ ಕಾಟಾ ಒಂದೇ ಇಟ್ಟಂತೆ. ಒಂದೇ ಚಾನೆಲ್‌ನಲ್ಲಿ ಇರುವ ಸಾಧನಗಳು ಸರದಿಯಂತೆ ಮಾತನಾಡಬೇಕಾಗುತ್ತದೆ, ಮತ್ತು ರೌಟರ್‌ನಿಂದ ಹೊರಗೆ ಹೋಗುವ ಮಾರ್ಗವೂ ಒಂದೇ ಆಗಿರುತ್ತದೆ.

ಹಾಗಾದರೆ ಎರಡನೆಯ ಕಾರ್ಡು ಯಾವುದಕ್ಕೆ ಎಂಬ ಪ್ರಶ್ನೆ ಸಹಜ. ಮೊದಲನೆಯದು ನಿಂತಾಗ ಕೆಲಸ ಮುಂದುವರಿಸುವುದಕ್ಕೆ. ಇನ್ನೊಂದು ಉಪಯೋಗವೂ ಇದೆ: ಒಂದು ಕಾರ್ಡಿನಿಂದ ಡೇಟಾ ಪಡೆದು, ಇನ್ನೊಂದರಿಂದ ಅದೇ ಕೊಠಡಿಯ ಮುದ್ರಕ ಅಥವಾ ಮತ್ತೊಂದು ಗಣಕಯಂತ್ರಕ್ಕೆ ಹಂಚುವುದು. ಇವೆರಡನ್ನು ಬಿಟ್ಟು ಬೇರೆ ಉದ್ದೇಶಕ್ಕೆ ಹಣ ವ್ಯಯಿಸುವ ಮುನ್ನ ವಿಚಾರ ಮಾಡುವುದು ಒಳ್ಳೆಯದು.

ಅಳವಡಿಸುವಾಗ ಗಮನಿಸಬೇಕಾದ ಅಂಶಗಳು

ವಿದ್ಯುತ್: ಯುಎಸ್‌ಬಿ 2.0 ಕಿಂಡಿಯೊಂದು ಗರಿಷ್ಠ 500 ಮಿಲಿಆಂಪಿಯರ್, ಯುಎಸ್‌ಬಿ 3.0 ಕಿಂಡಿಯು 900 ಮಿಲಿಆಂಪಿಯರ್ ಒದಗಿಸುವಂತೆ ರೂಪಿಸಲಾಗಿದೆ. ಪ್ರತ್ಯೇಕ ವಿದ್ಯುತ್ ಇಲ್ಲದ ಅಗ್ಗದ ಯುಎಸ್‌ಬಿ ಹಬ್ ಒಂದಕ್ಕೆ ಎರಡು ಡಾಂಗಲ್ ಮತ್ತು ಬೆರಳಚ್ಚು ಸಾಧನ ಮೂರನ್ನೂ ಸಿಕ್ಕಿಸಿದರೆ ಅವೆಲ್ಲವೂ ಒಂದೇ ಕಿಂಡಿಯ ವಿದ್ಯುತ್ತನ್ನು ಹಂಚಿಕೊಳ್ಳಬೇಕಾಗುತ್ತದೆ. ಬೆರಳಚ್ಚು ನೀಡುವ ಹೊತ್ತಿಗೆ ಸರಿಯಾಗಿ ಡಾಂಗಲ್ ನಿಲ್ಲುವುದಕ್ಕೆ ಇದು ಒಂದು ಕಾರಣವಾಗಿರಬಹುದು. ಡಾಂಗಲ್‌ಗಳನ್ನು ಗಣಕಯಂತ್ರದ ಹಿಂಭಾಗದ ಬೇರೆ ಬೇರೆ ಕಿಂಡಿಗಳಿಗೆ ನೇರವಾಗಿ ಜೋಡಿಸುವುದು ಸೂಕ್ತ.

ಅಂತರ: ಅಕ್ಕಪಕ್ಕದಲ್ಲಿ ಒಂದೇ ತರಂಗಪಟ್ಟಿಯಲ್ಲಿ ಕೆಲಸ ಮಾಡುವ ಎರಡು ಕಾರ್ಡುಗಳು ಒಂದಕ್ಕೊಂದು ಅಡ್ಡಿಯಾಗುತ್ತವೆ. ಒಂದನ್ನು 2.4 ಮತ್ತು ಇನ್ನೊಂದನ್ನು 5 ಗಿಗಾಹರ್ಟ್ಸ್ ಪಟ್ಟಿಗೆ ಸೇರಿಸಬೇಕು. ಎರಡೂ 2.4ರಲ್ಲಿಯೇ ಇರಬೇಕಾದ ಅನಿವಾರ್ಯತೆ ಇದ್ದಲ್ಲಿ ರೌಟರ್‌ಗಳ ಚಾನೆಲ್‌ಗಳನ್ನು 1, 6, 11 ಇವುಗಳಲ್ಲಿ ಬೇರೆ ಬೇರೆಯಾಗಿ ಇಡತಕ್ಕದ್ದು. ಈ ಮೂರು ಪರಸ್ಪರ ಅತಿಕ್ರಮಿಸುವುದಿಲ್ಲ. ಯುಎಸ್‌ಬಿ 3.0 ಸಾಧನಗಳು ಮತ್ತು ಅವುಗಳ ತಂತಿಗಳು ಸಹ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಉಂಟುಮಾಡುವುದರಿಂದ, ವೈ-ಫೈ ಅಡಾಪ್ಟರನ್ನು ಅರ್ಧ ಅಥವಾ ಒಂದು ಮೀಟರ್ ಉದ್ದದ ವಿಸ್ತರಣಾ ತಂತಿಯಿಂದ ದೂರವಿಟ್ಟರೆ ಬಹಳಷ್ಟು ಅನುಕೂಲವಾಗುತ್ತದೆ. ಈ ತಂತಿಯ ಬೆಲೆ ಹೊಸ ಕಾರ್ಡಿನ ಬೆಲೆಗಿಂತ ತೀರ ಕಡಿಮೆ.

ವಿಳಾಸಗಳ ಘರ್ಷಣೆ: ಮಾರುಕಟ್ಟೆಯ ಬಹುತೇಕ ರೌಟರ್‌ಗಳು 192.168.1.1 ಅಥವಾ 192.168.0.1 ಎಂಬ ವಿಳಾಸದೊಂದಿಗೇ ಬರುತ್ತವೆ. ಎರಡು ಬೇರೆ ರೌಟರ್‌ಗಳಿಗೆ ಎರಡು ಕಾರ್ಡುಗಳನ್ನು ಸೇರಿಸಿದಾಗ ಎರಡೂ 192.168.1 ಸಾಲಿನಲ್ಲಿಯೇ ಇದ್ದರೆ, ಯಾವ ಸಾಧನವು ಯಾವ ಬಾಗಿಲಿನಾಚೆ ಇದೆ ಎಂಬುದು ಗಣಕಯಂತ್ರಕ್ಕೆ ತಿಳಿಯದು. ಮುದ್ರಕ ಕಾಣೆಯಾಗುತ್ತದೆ, ಸಂಪರ್ಕ ಬಂದು ಹೋಗುತ್ತದೆ. ಒಂದು ರೌಟರ್‌ನ ವಿಳಾಸವನ್ನು 192.168.2.1 ಎಂದು ಬದಲಿಸಿದರೆ ಸಾಕು.

ಆದ್ಯತೆ: ಎರಡೂ ಸಂಪರ್ಕಗಳು ಚಾಲ್ತಿಯಲ್ಲಿರುವಾಗ ಗಣಕಯಂತ್ರವು ಮೆಟ್ರಿಕ್ ಎಂಬ ಸಂಖ್ಯೆಯನ್ನು ನೋಡುತ್ತದೆ. ಚಿಕ್ಕ ಸಂಖ್ಯೆಯ ಮಾರ್ಗಕ್ಕೆ ಮೊದಲ ಆದ್ಯತೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ನೆಟ್‌ವರ್ಕ್‌ಮ್ಯಾನೇಜರ್ ತಂತ್ರಾಂಶವು ತಂತಿಯ ಸಂಪರ್ಕಕ್ಕೆ 100, ವೈ-ಫೈಗೆ 600 ಎಂದು ತಾನಾಗಿ ನಿಗದಿಪಡಿಸುತ್ತದೆ. ವಿಂಡೋಸ್ ಸಂಪರ್ಕದ ವೇಗ ನೋಡಿ ಸಂಖ್ಯೆ ಕೊಡುತ್ತದೆ. ಇಲ್ಲಿ ಹೇಳಿದ ವೇಗವು ಕಾರ್ಡು ಮತ್ತು ರೌಟರ್ ನಡುವಿನದು, ಹೊರಗಿನ ಅಂತರ್ಜಾಲದ್ದಲ್ಲ. ಹೀಗಾಗಿ ಹೊರಗೆ ನಿಧಾನವಾಗಿರುವ ಮಾರ್ಗಕ್ಕೇ ವಿಂಡೋಸ್ ಆದ್ಯತೆ ಕೊಡುವುದುಂಟು. ಇದನ್ನು ಸರಿಪಡಿಸಲು ಆ ಕಾರ್ಡಿನ ಪ್ರಾಪರ್ಟೀಸ್ ಕಿಟಕಿಯಲ್ಲಿ ಇಂಟರ್ನೆಟ್ ಪ್ರೋಟೋಕಾಲ್ ಆವೃತ್ತಿ 4ನ್ನು ಆಯ್ದು, ಅಡ್ವಾನ್ಸ್ಡ್ ಗುಂಡಿಯನ್ನು ಒತ್ತಿ, ಆಟೋಮ್ಯಾಟಿಕ್ ಮೆಟ್ರಿಕ್ ಎಂಬುದರ ಗುರುತನ್ನು ತೆಗೆದು, ಮುಖ್ಯ ಕಾರ್ಡಿಗೆ 10, ಎರಡನೆಯದಕ್ಕೆ 50 ಎಂಬಂತೆ ಸಂಖ್ಯೆ ನಮೂದಿಸಬಹುದು. ತಂತಿಯ ಸಂಪರ್ಕ ಇರುವಾಗ ವಿಂಡೋಸ್‌ನ ಇತ್ತೀಚಿನ ಆವೃತ್ತಿಗಳು ನಿಸ್ತಂತು ಸಂಪರ್ಕವನ್ನು ತಾವಾಗಿ ಸೇರಿಸದಿರಬಹುದು. ಅದು ಕಾರ್ಡಿನ ದೋಷವಲ್ಲ.

ಆದ್ಯತೆ ನಿಗದಿಪಡಿಸಿದ ಮೇಲೆ ಮೊದಲನೆಯದು ನಿಂತ ಕೂಡಲೇ ಎರಡನೆಯದು ತಾನಾಗಿ ಕೆಲಸ ಆರಂಭಿಸುತ್ತದೆ ಎಂದು ನಂಬಿಕೊಳ್ಳುವುದು ಹೆಚ್ಚಿನ ತೊಂದರೆಗಳ ಮೂಲ. ರೌಟರ್‌ನಿಂದ ಹೊರಗಿನ ಕೇಬಲ್ ತುಂಡಾದರೂ ರೌಟರ್ ಮತ್ತು ಕಾರ್ಡಿನ ನಡುವಿನ ವೈ-ಫೈ ಹಾಗೆಯೇ ಇರುತ್ತದೆ. ಗಣಕಯಂತ್ರದ ದೃಷ್ಟಿಯಲ್ಲಿ ಬಾಗಿಲು ತೆರೆದೇ ಇದೆ; ಮುಂದಿನ ರಸ್ತೆ ಕೊಚ್ಚಿಹೋಗಿರುವುದು ಅದರ ಲೆಕ್ಕಕ್ಕೆ ಬಾರದು. ಅದು ಅದೇ ಮಾರ್ಗದಲ್ಲಿ ಮಾಹಿತಿ ಕಳುಹಿಸುತ್ತಲೇ ಇರುತ್ತದೆ. ಇಂತಹ ಸಂದರ್ಭದಲ್ಲಿ ಮೊದಲ ಕಾರ್ಡಿನ ಸಂಪರ್ಕವನ್ನು ಕೈಯಿಂದ ಕಡಿತಗೊಳಿಸಿ ಎರಡನೆಯದರಲ್ಲಿ ಮುಂದುವರಿಯಬೇಕು. ತಾನಾಗಿ ಬದಲಾಗುವ ವ್ಯವಸ್ಥೆಯೇ ಬೇಕಿದ್ದಲ್ಲಿ ಗಣಕಯಂತ್ರದಲ್ಲಿ ಎರಡು ಕಾರ್ಡು ಇಡುವುದಕ್ಕಿಂತ ಎರಡು ಅಂತರ್ಜಾಲ ಮೂಲಗಳನ್ನು ಸ್ವೀಕರಿಸಿ ಹೊರಗಿನ ಮಾರ್ಗವನ್ನು ಪರೀಕ್ಷಿಸುತ್ತಿರುವ ರೌಟರ್ ಕೊಳ್ಳುವುದು ಮೇಲು. ದಿನವೊಂದಕ್ಕೆ ಹೆಚ್ಚು ಅರ್ಜಿಗಳನ್ನು ಸ್ವೀಕರಿಸುವ ಕೇಂದ್ರಗಳಿಗೆ ಇದೇ ಸೂಕ್ತ.

ಅರ್ಜಿಯ ನಡುವೆ ಸಂಪರ್ಕ ಬದಲಾದರೆ

ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಬದಲಿಸಿದಾಗ ಅಲ್ಲಿಯವರೆಗೆ ತೆರೆದಿದ್ದ ಸಂಪರ್ಕಗಳು ಮುರಿಯುತ್ತವೆ ಹಾಗೂ ಸರ್ವರ್‌ಗೆ ಕಾಣಿಸುವ ಐಪಿ ವಿಳಾಸವೂ ಬೇರೆಯಾಗುತ್ತದೆ. ಭದ್ರತೆಯ ಕಾರಣದಿಂದ ಕೆಲವು ಜಾಲತಾಣಗಳು ಇಂತಹ ಬದಲಾವಣೆಯನ್ನು ಕಂಡು ಬಳಕೆದಾರರನ್ನು ಹೊರಹಾಕುತ್ತವೆ. ವಿವರ ಭರ್ತಿ ಮಾಡುವ ಹಂತದಲ್ಲಿ ಇದರಿಂದ ಆಗುವ ನಷ್ಟ ಶ್ರಮ ಮಾತ್ರ. ಪಾವತಿಯ ಹಂತದಲ್ಲಿ ಆದರೆ ಹಣದ ಪ್ರಶ್ನೆ.

ಆದ್ದರಿಂದ ಪಾವತಿ ಪುಟಕ್ಕೆ ಹೋಗುವ ಮುನ್ನ ಯಾವ ಸಂಪರ್ಕ ಸ್ಥಿರವಾಗಿದೆ ಎಂದು ನೋಡಿ, ಇನ್ನೊಂದನ್ನು ಕಡಿತಗೊಳಿಸಿ, ಒಂದೇ ಸಂಪರ್ಕದಲ್ಲಿ ಪಾವತಿಯಿಂದ ಸ್ವೀಕೃತಿ ಮುದ್ರಣದವರೆಗಿನ ಕಾರ್ಯವನ್ನು ಪೂರ್ಣಗೊಳಿಸತಕ್ಕದ್ದು. ನಡುವೆ ಸಂಪರ್ಕ ಹೋದಲ್ಲಿ ಕೂಡಲೇ ಎರಡನೆಯ ಬಾರಿ ಪಾವತಿಸಬಾರದು. ಮರಳಿ ಪ್ರವೇಶಿಸಿ ಅರ್ಜಿಯ ಸ್ಥಿತಿಯನ್ನು ಮತ್ತು ಪಾವತಿಯ ಸ್ಥಿತಿಯನ್ನು ಮೊದಲು ಪರಿಶೀಲಿಸಬೇಕು. ಖಾತೆಯಿಂದ ಹಣ ಕಡಿತವಾಗಿ ಪಾವತಿ ಸ್ವೀಕರಿಸುವವರಿಗೆ ದೃಢೀಕರಣ ತಲುಪದಿದ್ದಲ್ಲಿ, ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ ಯುಪಿಐ ವ್ಯಾಪಾರಿ ಪಾವತಿಗಳಿಗೆ ವ್ಯವಹಾರದ ದಿನದ ನಂತರ 5 ದಿನಗಳೊಳಗೆ ಹಣವು ತಾನಾಗಿ ಖಾತೆಗೆ ಮರಳಬೇಕು. ಅದನ್ನು ಮೀರಿದರೆ ವಿಳಂಬದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕರ ಖಾತೆಗೆ ಜಮೆ ಮಾಡಬೇಕು. ಇದಕ್ಕಾಗಿ ಗ್ರಾಹಕರು ದೂರು ನೀಡಲೇಬೇಕೆಂಬ ಷರತ್ತು ಇಲ್ಲ. ಆದಾಗ್ಯೂ ವ್ಯವಹಾರ ಸಂಖ್ಯೆ, ದಿನಾಂಕ, ಸಮಯ ಇವನ್ನು ಬರೆದಿಟ್ಟುಕೊಳ್ಳುವುದು ಅರ್ಜಿದಾರರ ಹಿತದೃಷ್ಟಿಯಿಂದ ಅವಶ್ಯ. ಹಣವು ಇಲಾಖೆಯ ಖಾತೆಗೆ ತಲುಪಿ ಅರ್ಜಿ ಮಾತ್ರ ದಾಖಲಾಗದೆ ಉಳಿದ ಸಂದರ್ಭ ಇದಕ್ಕಿಂತ ಭಿನ್ನ. ಆಗ ಬ್ಯಾಂಕನ್ನಲ್ಲದೆ ಸೇವೆ ನೀಡುವ ಕಚೇರಿಯನ್ನು ವ್ಯವಹಾರದ ವಿವರಗಳೊಂದಿಗೆ ಸಂಪರ್ಕಿಸಬೇಕಾಗುತ್ತದೆ.

ಡಾಂಗಲ್ ಬಳಸುವವರಿಗೆ ಇನ್ನೊಂದು ಸೂಚನೆ. ಆಧಾರ್‌ಗೆ ಅಥವಾ ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಯ ಸಿಮ್ ಅನ್ನು ಡಾಂಗಲ್‌ಗೆ ಹಾಕಬಾರದು. ಒಮ್ಮೆ ಮಾತ್ರ ಬಳಸುವ ಗುಪ್ತಸಂಖ್ಯೆಯ ಸಂದೇಶವು ಆಗ ಡಾಂಗಲ್‌ಗೆ ಹೋಗುತ್ತದೆ, ಅರ್ಜಿದಾರರು ಮೊಬೈಲ್ ಹಿಡಿದು ಕಾಯುತ್ತಿರುತ್ತಾರೆ. ಆ ಸಂದೇಶವನ್ನು ನೋಡಲು ಸಿಮ್ ತೆಗೆದರೆ ಅಂತರ್ಜಾಲವೇ ಹೋಗುತ್ತದೆ.

ಅರ್ಜಿದಾರರು ಸ್ವೀಕೃತಿ ಸಂಖ್ಯೆ ಇರುವ ರಸೀದಿಯನ್ನು ಪಡೆಯದೆ ಕೇಂದ್ರವನ್ನು ಬಿಡಬಾರದು. ವಿದ್ಯುತ್ ಇಲ್ಲದ ಕಾರಣ ಮುದ್ರಣ ಸಾಧ್ಯವಾಗದಿದ್ದಲ್ಲಿ ಸಂಖ್ಯೆಯನ್ನಾದರೂ ಬರೆಸಿಕೊಳ್ಳಬೇಕು. ನೆಟ್ ಬಂದ ಮೇಲೆ ಹಾಕುತ್ತೇವೆ ಎಂದು ಹೇಳಿ ದಾಖಲೆಗಳನ್ನು ಇಟ್ಟುಕೊಂಡರೆ, ಅದನ್ನು ಅರ್ಜಿ ಸಲ್ಲಿಕೆ ಎಂದು ಪರಿಗಣಿಸಲು ಬರುವುದಿಲ್ಲ.

ಕಚೇರಿಯ ಜಾಲ ಮತ್ತು ಹೊರಗಿನ ವೈ-ಫೈ

ಈ ಭಾಗವು ಮುಖ್ಯವಾಗಿ ಸಿಬ್ಬಂದಿ ಮತ್ತು ಕೇಂದ್ರ ನಡೆಸುವವರಿಗೆ ಸಂಬಂಧಿಸಿದ್ದಾದರೂ ಅರ್ಜಿದಾರರೂ ತಿಳಿದಿರುವುದು ಒಳ್ಳೆಯದು, ಏಕೆಂದರೆ ಅವರ ದಾಖಲೆಗಳೇ ಇಲ್ಲಿ ಪಣಕ್ಕೊಡ್ಡಲ್ಪಡುತ್ತವೆ.

ಸರ್ಕಾರಿ ಕಚೇರಿಗಳ ಅನೇಕ ಗಣಕಯಂತ್ರಗಳು ಕರ್ನಾಟಕ ರಾಜ್ಯ ವಿಸ್ತೃತ ಪ್ರದೇಶ ಜಾಲಕ್ಕೆ ಸೇರಿರುತ್ತವೆ. ಈ ಜಾಲದ ಹೊರಬಾಗಿಲಲ್ಲಿ ಭದ್ರತಾ ತಡೆಗಳನ್ನು ಇರಿಸಲಾಗಿದೆ. ಅಂತಹ ಗಣಕಯಂತ್ರಕ್ಕೆ ವೈ-ಫೈ ಅಡಾಪ್ಟರ್ ಸಿಕ್ಕಿಸಿ ಯಾರದೋ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿದ ಕ್ಷಣವೇ ಆ ಗಣಕಯಂತ್ರವು ಎರಡು ಜಾಲಗಳ ನಡುವಿನ ಸೇತುವೆಯಾಗಬಲ್ಲದು. ಹೊರಗಿನಿಂದ ಬಂದ ದುರುದ್ದೇಶದ ತಂತ್ರಾಂಶವು ಮುಂಬಾಗಿಲಿನ ತಡೆಯನ್ನು ದಾಟಬೇಕಾಗಿಯೇ ಇಲ್ಲ. ಹಿತ್ತಿಲ ಬಾಗಿಲಿನಿಂದ ಒಳಬರುತ್ತದೆ. ಸರ್ವರ್ ನಿಧಾನವಾಗಿದೆ, ಜನ ಕಾಯುತ್ತಿದ್ದಾರೆ ಎಂಬ ಸದುದ್ದೇಶದಿಂದ ಮಾಡಿದರೂ ಪರಿಣಾಮ ಒಂದೇ. ಅರ್ಜಿದಾರರು ಸಹ ಬೇಗ ಆಗಲೆಂದು ತಮ್ಮ ಮೊಬೈಲ್‌ನ ಹಾಟ್‌ಸ್ಪಾಟ್ ಅನ್ನು ಕಚೇರಿಯ ಗಣಕಯಂತ್ರಕ್ಕೆ ಕೊಡಲು ಮುಂದಾಗಬಾರದು. ಎರಡನೆಯ ಸಂಪರ್ಕ ಬೇಕಿದ್ದಲ್ಲಿ ಅದಕ್ಕೆ ಕಚೇರಿಯ ಜಾಲಕ್ಕೆ ಸೇರದ ಪ್ರತ್ಯೇಕ ಗಣಕಯಂತ್ರ ಇರಿಸಬೇಕು.

ಖಾಸಗಿ ಕೇಂದ್ರಗಳಲ್ಲಿಯೂ ಎರಡು ಕಾರ್ಡುಗಳನ್ನು ಬ್ರಿಜ್ ಮಾಡುವ ಆಯ್ಕೆಯನ್ನು ತಿಳಿಯದೆ ಒತ್ತಬಾರದು. ಡೇಟಾ ಹಂಚಲು ಬೇರೆಯೇ ಆಯ್ಕೆ ಇದೆ. ಹಂಚುವ ವೈ-ಫೈಗೆ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ವಿಧಾನದ ಗುಪ್ತಪದ ಇರಬೇಕು. ಹಳೆಯ ಡಬ್ಲ್ಯುಇಪಿ ವಿಧಾನವು ಬೀಗವಿಲ್ಲದ್ದಕ್ಕೆ ಸಮಾನ. ಗುಪ್ತಪದವನ್ನು ಗೋಡೆಗೆ ಅಂಟಿಸುವ ಪದ್ಧತಿ ಕೆಲವೆಡೆ ಇದ್ದು, ಅದನ್ನು ಕೈಬಿಡುವುದು ಲೇಸು.

ಪರವಾನಗಿ

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ಅಂದರೆ 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ, ಗರಿಷ್ಠ 4 ವ್ಯಾಟ್ ಪರಿಣಾಮಕಾರಿ ವಿಕಿರಣ ಶಕ್ತಿಯ ಮಿತಿಯೊಳಗೆ ಸಾಧನ ಬಳಸಲು 2005ರಿಂದ ಪರವಾನಗಿ ಅಗತ್ಯವಿಲ್ಲ. 5 ಗಿಗಾಹರ್ಟ್ಸ್ ಪಟ್ಟಿಯ ಹೆಚ್ಚಿನ ಭಾಗವನ್ನು 2018ರ ಅಕ್ಟೋಬರ್‌ನಲ್ಲಿ ಇದೇ ರೀತಿ ಮುಕ್ತಗೊಳಿಸಲಾಗಿದೆ. ಆದಕಾರಣ ಒಂದರ ಬದಲು ಎರಡು ಕಾರ್ಡು ಬಳಸಲು ಯಾವುದೇ ಅನುಮತಿ ಪತ್ರ ಬೇಕಿಲ್ಲ, ಶುಲ್ಕವೂ ಇಲ್ಲ. ಕೊಳ್ಳುವ ಸಾಧನವು ಕೇಂದ್ರ ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗದ ಮಾದರಿ ಅನುಮೋದನೆ ಪಡೆದಿರಬೇಕು.

ಮೊಬೈಲ್ ಸಂಕೇತ ವರ್ಧಕಗಳ ವಿಷಯ ಹಾಗಲ್ಲ. ಬೂಸ್ಟರ್ ಅಥವಾ ರಿಪೀಟರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಸಾಧನಗಳನ್ನು ಅನುಮತಿಯಿಲ್ಲದೆ ಖಾಸಗಿಯವರು ಅಳವಡಿಸುವುದು ಕಾನೂನುಬಾಹಿರ. ಅಲ್ಲದೆ ಒಂದು ಮನೆಯ ವರ್ಧಕದಿಂದ ಸುತ್ತಲಿನ ಮನೆಗಳ ಸಂಕೇತ ಕೆಡುವುದುಂಟು. ವೈ-ಫೈ ವ್ಯಾಪ್ತಿಯನ್ನು ಹಿಗ್ಗಿಸುವ ಸಾಧನ ಇದಲ್ಲ. ಕೊಳ್ಳುವಾಗ ಎರಡರ ವ್ಯತ್ಯಾಸವನ್ನು ಕೇಳಿ ತಿಳಿಯಬೇಕು.

ಸಂಪರ್ಕದ ತೊಂದರೆಯಿಂದ ಅರ್ಜಿ ದಾಖಲಾಗದೆ ಉಳಿದಿರುವ ಸಾರ್ವಜನಿಕರು ಪಾವತಿಯ ವಿವರ, ಅರ್ಜಿ ಸಲ್ಲಿಸಿದ ಕೇಂದ್ರದ ಹೆಸರು ಹಾಗೂ ದಿನಾಂಕದೊಂದಿಗೆ ಸಂಬಂಧಪಟ್ಟ ನಾಡಕಚೇರಿ ಅಥವಾ ಆಯಾ ತಾಲೂಕಿನ ತಹಶೀಲ್ದಾರರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ನಿಪ್ಪಾಣಿ ಮತ್ತು ಕಾಗವಾಡ ತಾಲೂಕುಗಳ ಗ್ರಾಮಸ್ಥರು ಹಿಂದಿನ ರೂಢಿಯಂತೆ ಚಿಕ್ಕೋಡಿ ಅಥವಾ ಅಥಣಿಗೆ ಹೋಗದೆ ತಮ್ಮ ತಾಲೂಕಿನ ಕಚೇರಿಯಲ್ಲಿಯೇ ವಿಚಾರಿಸತಕ್ಕದ್ದು.